ಮುಂದೆ ಓಡು, ಹಿಂದಕ್ಕೆ ಎಸೆ

“ಸರ್, ಟೀವಿಯೊಳಗ ತತ್ತಿಯಂಥ ಚೆಂಡು ಹಿಡಕೊಂಡು ಬಡಿದಾಡ್ತಾರಲ್ಲ, ಆ ಆಟಕ್ಕ ನೇಮ ಅನ್ನೋವು ಅದಾವೇನ್ರಿ?” ಮೊನ್ನೆ ನಮ್ಮ ಗಬ್ಬೂರಿನ ಹುಡುಗನೊಬ್ಬ ಕೇಳಿದ. ಇವೆ, ಬಲು ಕಟ್ಟುನಿಟ್ಟಿನವು. ಕಬಡ್ಡಿ ಬಲ್ಲವರಿಗೆ ರಗ್ಬಿ ತಿಳಿಯುವುದು ಕಷ್ಟವೇನಲ್ಲ.

ರಗ್ಬಿ ಯೂನಿಯನ್ ಆಟದಲ್ಲಿ ತಂಡಕ್ಕೆ 15 ಜನ, 40 ನಿಮಿಷಗಳ ಎರಡು ಅವಧಿ. ಸೆವೆನ್ಸ್ ಆಟದಲ್ಲಿ 7 ಜನ, 7 ನಿಮಿಷಗಳ ಎರಡು ಅವಧಿ. 2016ರಲ್ಲಿ ಒಲಿಂಪಿಕ್ಸ್ ಸೇರಿದ್ದು ಈ ಏಳರ ಆಟವೇ. 2025ರಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನ ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು.

ಚೆಂಡು ಹಿಡಿದು ಮುಂದೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ‘ಟ್ರೈ’, 5 ಅಂಕ. ಆಮೇಲೆ ಎಚ್ ಆಕಾರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದರೆ ಇನ್ನೂ 2. ಪೆನಾಲ್ಟಿ ಒದೆತಕ್ಕೆ 3.

ಚೆಂಡು ತತ್ತಿಯಾಕಾರದ್ದೇಕೆ ಪುಟಿದಾಗ ದಿಕ್ಕು ತಪ್ಪುತ್ತದೆ? ದುಂಡು ಚೆಂಡಿಗೆ ನೆಲದ ತಳ್ಳುವಿಕೆ ನೇರ ಕೇಂದ್ರದ ಮೂಲಕ ಹಾಯುತ್ತದೆ. ಉದ್ದನೆಯ ಚೆಂಡಿಗೆ ಅದು ಹೆಚ್ಚಾಗಿ ಕೇಂದ್ರದ ಪಕ್ಕದಲ್ಲಿ ಹಾಯುವುದರಿಂದ ಚೆಂಡು ತಿರುಗಿಕೊಂಡು ಎತ್ತಲೋ ಹಾರುತ್ತದೆ.

ಇನ್ನು ಹಿಡಿತ. ಚೆಂಡು ಇದ್ದವನನ್ನು ಮಾತ್ರ ಕೆಡವಬಹುದು, ಅದೂ ಭುಜದ ಕೆಳಗೇ ಹಿಡಿದು. ತೊಡೆಗೆ ಕೈ ಹಾಕಿದರೆ ಕಾಲು ನಿಲ್ಲುತ್ತದೆ, ಮೈ ಜಡತ್ವದಿಂದ ಮುಂದೆ ಹೋಗುತ್ತದೆ. ದೇವದುರ್ಗದ ಬಸ್ಸು ಗಕ್ಕನೆ ನಿಂತಾಗ ನಾವು ಮುಗ್ಗರಿಸುವ ಹಾಗೆ. ಬಿದ್ದವನು ಕೂಡಲೇ ಚೆಂಡು ಬಿಡಬೇಕು. ಕುತ್ತಿಗೆಗೆ ಕೈ ಹಾಕಿದವನಿಗೆ ದಂಡನೆ ತಪ್ಪದು.

ಪಾಲಕರೇ, ಈ ಆಟದಿಂದ ನಾವು ಕಲಿಯಬೇಕಾದ ನಿಯಮ ಇನ್ನೊಂದಿದೆ. ತಲೆಗೆ ಪೆಟ್ಟಾಗಿ ಮಿದುಳು ಅಲುಗಿರಬಹುದೆಂಬ ಸಂಶಯ ಬಂದರೆ ಸಾಕು, ಶಾಲಾ ಆಟಗಾರನನ್ನು ಹೊರಗೆ ಕರೆಯಬೇಕು. ಅಂದು ಅವನು ಮರಳುವಂತಿಲ್ಲ. ವರ್ಷಗಳ ಹಿಂದೆ ಕಬಡ್ಡಿ ಆಡುವಾಗ ಹುಡುಗನೊಬ್ಬನ ತಲೆ ನೆಲಕ್ಕೆ ಬಡಿಯಿತು. ಎದ್ದವನು “ಸ್ಕೋರ್ ಎಷ್ಟ್ರೀ?” ಎಂದು ಮೂರು ಸಲ ಕೇಳಿದ. ನಾನು ನಕ್ಕು, ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಒಳಗೆ ಕಳಿಸಿದೆ. ಸಂಜೆ ವಾಂತಿ ಶುರುವಾಯಿತು. ರಾತ್ರಿ ಜೀಪಿನಲ್ಲಿ ರಾಯಚೂರಿಗೆ ಒಯ್ದೆವು. ಹುಡುಗ ಉಳಿದ. ವಿಜ್ಞಾನ ಓದಿದ ನನಗೆ ಆ ಮೂರು ಪ್ರಶ್ನೆಗಳ ಅರ್ಥ ಆಗ ಹೊಳೆಯಲಿಲ್ಲ.

ಕೇಳಿದ್ದನ್ನೇ ಕೇಳುವುದು, ತಲೆನೋವು, ವಾಂತಿ, ತೂಕಡಿಕೆ ಕಂಡರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಮಕ್ಕಳೇ, ಗೆಳೆಯನಿಗೆ ಹೀಗಾದರೆ ನೀವೇ ಆಟ ನಿಲ್ಲಿಸಿ. ಪಂದ್ಯ ನಾಳೆಯೂ ಆಡಬಹುದು.