ಹಿನ್ನೀರಿನಲ್ಲಿ ದೋಣಿ ವಿಹಾರ: ಹತ್ತುವ ಮೊದಲು

ಮಂಡ್ಯ ಜಿಲ್ಲೆಯ ಮನೆಗಳಲ್ಲಿ 124.80 ಎಂಬ ಸಂಖ್ಯೆಯ ಅರ್ಥವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅದು ಕೃಷ್ಣರಾಜಸಾಗರದ ಗರಿಷ್ಠ ಮಟ್ಟ, ಅಡಿಗಳಲ್ಲಿ. ಮಳೆಗಾಲ ಬಂತೆಂದರೆ ಹಿರಿಯರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ‘ಇಂದಿನ ಮಟ್ಟ’ವನ್ನೇ. ರೈತನಿಗೆ ಅದು ನಾಲೆಗೆ ನೀರು ಬಿಡುವ ಸುದ್ದಿ. ಶಾಲಾ ಪ್ರವಾಸಕ್ಕೆಂದೋ ರಜೆಯ ವಿಹಾರಕ್ಕೆಂದೋ ನೀರಿಗೆ ಹೊರಟ ವಿದ್ಯಾರ್ಥಿಗೂ ಆ ಸಂಖ್ಯೆಯಲ್ಲಿ ಒಂದು ಪಾಠವಿದೆ. ಜಲಾಶಯದ ದಡ ಎಂದೂ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದೇ ಆ ಪಾಠ.

2024ರ ಬೇಸಿಗೆಯಲ್ಲಿ ಕೆ.ಆರ್.ಎಸ್. ಮಟ್ಟ 80 ಅಡಿಯ ಆಸುಪಾಸಿಗೆ ಇಳಿದಿತ್ತು. ಅದೇ ವರ್ಷ ಜುಲೈ ಮುಗಿಯುವ ಹೊತ್ತಿಗೆ ಜಲಾಶಯ ತುಂಬಿತ್ತು. ಮೇ ತಿಂಗಳಲ್ಲಿ ದನ ಮೇಯುತ್ತಿದ್ದ ಬಯಲಿನ ಮೇಲೆ ಎರಡೇ ತಿಂಗಳಲ್ಲಿ ದೋಣಿ ತೇಲಬಹುದು. ಬೇಸಿಗೆಯಲ್ಲಿ ಕಾಲಿಟ್ಟ ಜಾಗ ತನಗೆ ಗೊತ್ತಿರುವ ಜಾಗ ಎಂದು ಮಳೆಗಾಲದಲ್ಲಿ ನೀರಿಗಿಳಿಯುವವನು ಇಲ್ಲಿಯೇ ಮೋಸ ಹೋಗುತ್ತಾನೆ.

ಕೆರೆಯಲ್ಲ, ಮುಳುಗಿದ ಕಣಿವೆ

ಕೃಷ್ಣರಾಜಸಾಗರದ ಕೆಲಸ ಆರಂಭವಾದದ್ದು 1911ರಲ್ಲಿ. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದರು. ಸುಮಾರು ಎರಡು ದಶಕಗಳ ದುಡಿಮೆಯ ಬಳಿಕ 130 ಅಡಿ ಎತ್ತರದ ಕಟ್ಟೆ ಎದ್ದು ನಿಂತಿತು. ತುಂಬಿದಾಗ ನೀರು ಸುಮಾರು 129 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಕಟ್ಟೆ ಇರುವುದು ಶ್ರೀರಂಗಪಟ್ಟಣದ ಕಡೆ. ಹಿನ್ನೀರು ಪಾಂಡವಪುರ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳವರೆಗೂ, ಆಚೆಗೆ ಮೈಸೂರು ಜಿಲ್ಲೆಗೂ ಚಾಚಿದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಕೆ.ಆರ್. ಪೇಟೆ ತಾಲ್ಲೂಕಿನ ತ್ರಿವೇಣಿ ಸಂಗಮದ ಊರಿನ ಹೆಸರೇ ಅಂಬಿಗರಹಳ್ಳಿ. 2022ರ ಅಕ್ಟೋಬರಿನಲ್ಲಿ ಕುಂಭಮೇಳ ನಡೆದದ್ದು ಇಲ್ಲಿಯೇ.

ಕೆರೆಯ ತಳ ಸಾಮಾನ್ಯವಾಗಿ ಬಟ್ಟಲಿನಂತೆ ನಿಧಾನವಾಗಿ ಇಳಿಯುತ್ತದೆ. ಜಲಾಶಯದ ತಳ ಹಾಗಲ್ಲ. ಅದು ಹಿಂದೊಮ್ಮೆ ಜನ ಬಾಳಿದ ನದಿ ಕಣಿವೆ. ಹೊಲದ ಬದು, ಮನೆಯ ಗೋಡೆ, ಮರದ ಬೊಡ್ಡೆ, ಹಳೆಯ ದಾರಿ, ಇವೆಲ್ಲದರ ನಡುವೆ ನದಿಯ ಹಳೆಯ ಪಾತ್ರ ಆಳವಾಗಿ ಕೊರೆದುಕೊಂಡಿರುತ್ತದೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆ ಪಾತ್ರಕ್ಕೇ ಜಾರಬಹುದು. ಮುಳುಗಿಹೋದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಬರಗಾಲದ ವರ್ಷಗಳಲ್ಲಿ ನೀರಿನಿಂದ ಮೇಲೆದ್ದು ಕಾಣುತ್ತಿತ್ತು. ಮುಂದೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಯಿತು. ಗುಡಿಯೇನೋ ದಡ ಸೇರಿತು. ನೀರಿನಡಿಯ ಊರು ಹಾಗೆಯೇ ಇದೆ.

ಇಷ್ಟು ವಿಶಾಲವಾದ ನೀರಿನ ಮೇಲೆ ಗಾಳಿಗೆ ತಡೆಯಿಲ್ಲ. ಗಾಳಿ ನೀರಿನ ಮೇಲೆ ಎಷ್ಟು ದೂರ ತಡೆಯಿಲ್ಲದೆ ಬೀಸುತ್ತದೋ ಅಲೆ ಅಷ್ಟು ಎತ್ತರಕ್ಕೆ ಏಳುತ್ತದೆ. ದಡದಲ್ಲಿ ಸಣ್ಣ ಸುಳಿಗಾಳಿಯಂತೆ ಕಂಡದ್ದು ನಡುನೀರಿನಲ್ಲಿ ದೋಣಿಯನ್ನು ಕುಣಿಸಬಲ್ಲದು.

ಕಟ್ಟೆಯ ಕೆಳಗಿನ ನದಿಯದು ಬೇರೆಯೇ ಅಪಾಯ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ರಂಗನತಿಟ್ಟು, ಇವೆಲ್ಲ ಜಲಾಶಯದಿಂದ ಬಿಟ್ಟ ನೀರು ಹರಿಯುವ ದಾರಿಯಲ್ಲಿವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ ಎರಡೂಮುಕ್ಕಾಲು ಲಕ್ಷ ಲೀಟರಿಗೂ ಮೀರಿದ ನೀರು ಹರಿದು ಬರುತ್ತದೆ. ತಲೆಯ ಮೇಲೆ ಮೋಡವಿಲ್ಲದಿದ್ದರೂ ಕೊಡಗಿನ ಮಳೆ ಇಲ್ಲಿಯ ನೀರನ್ನು ಏರಿಸುತ್ತದೆ. ಹೊರಹರಿವು ಹೆಚ್ಚಿದಾಗ ರಂಗನತಿಟ್ಟಿನ ದೋಣಿ ವಿಹಾರವನ್ನು ನಿಲ್ಲಿಸುವುದು ಇದಕ್ಕಾಗಿಯೇ.

ದೋಣಿ ಏಕೆ ಮಗುಚುತ್ತದೆ?

ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸನ ಈ ತತ್ತ್ವವನ್ನು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹೆಚ್ಚು ಜನ ಹತ್ತಿದಷ್ಟೂ ದೋಣಿ ಕೆಳಗಿಳಿಯುತ್ತದೆ; ಅಂಚಿಗೂ ನೀರಿಗೂ ನಡುವಿನ ಗೇಣು ಕಡಿಮೆಯಾಗುತ್ತದೆ. ಆಗ ಒಂದು ಸಣ್ಣ ಅಲೆ ಒಳಗೆ ನೀರು ಸುರಿದರೂ ಸಾಕು. ಒಳಗೆ ಬಂದ ನೀರು ಒಂದು ಬದಿಗೆ ಹರಿದು ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.

ಎರಡನೆಯದು ಗುರುತ್ವ ಕೇಂದ್ರ. ಎಲ್ಲರೂ ಕುಳಿತಿದ್ದರೆ ಭಾರ ಕೆಳಗಿರುತ್ತದೆ, ವಾಲಿದ ದೋಣಿ ಮತ್ತೆ ನೆಟ್ಟಗಾಗುತ್ತದೆ. ನಾಲ್ಕು ಜನ ಎದ್ದು ನಿಂತರೆ ಭಾರ ಮೇಲಕ್ಕೇರಿ ಆ ಶಕ್ತಿ ಕುಗ್ಗುತ್ತದೆ. ಹರಿಗೋಲನ್ನೇ ನೋಡಬಹುದು. ಬಿದಿರಿನ ದಬ್ಬೆಯಿಂದ ಹೆಣೆದ, ಅಗಲವಾದ ಚಪ್ಪಟೆ ತಳದ ಅದು ಕುಳಿತವರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಫೋಟೊಗಾಗಿ ಎಲ್ಲರೂ ಒಂದೇ ಅಂಚಿಗೆ ಬಂದರೆ ಅದೂ ತಾಳದು.

ಇದು ಬರೀ ಪುಸ್ತಕದ ಮಾತಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಜಲಾಶಯದ ವಿಹಾರ ದೋಣಿಯೊಂದು ಮಗುಚಿ 45 ಮಂದಿ ಸತ್ತರು. ಕಾಡುಪ್ರಾಣಿಗಳು ಕಂಡವೆಂದು ಪ್ರಯಾಣಿಕರು ಒಂದೇ ಬದಿಗೆ ಸರಿದರೆಂದು ಬದುಕುಳಿದವರು ಹೇಳಿದರು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿತು. ಸತ್ತವರು 16 ಮಂದಿ. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ನೀರುಪಾಲಾದರು. ಅಲ್ಲಿ ಮಿತಿಮೀರಿ ಜನರನ್ನು ಹತ್ತಿಸಲಾಗಿತ್ತು. ಅನೇಕರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಆ ಮಕ್ಕಳು ಬೆಳಿಗ್ಗೆ ತಿಂಡಿ ಡಬ್ಬಿ ಹಿಡಿದು ಮನೆಯಿಂದ ಹೊರಟವರು.

ಬೆಂಡಿನ ವಿದ್ಯೆ

ಹಳ್ಳಿಯ ಬಾವಿಯಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಹಿರಿಯರು ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟುತ್ತಿದ್ದರು. ಲೈಫ್ ಜಾಕೆಟ್ ಆ ಬೆಂಡಿನ ತಮ್ಮನೇ. ಮನುಷ್ಯನ ದೇಹ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರವಾದದ್ದು. ಹಾಗಾಗಿ ವಯಸ್ಕನೊಬ್ಬನ ತಲೆಯನ್ನು ನೀರಿನ ಮೇಲಿಡಲು ಸುಮಾರು 3ರಿಂದ 5 ಕಿಲೋ ಎತ್ತುವಷ್ಟು ಆಸರೆ ಸಿಕ್ಕರೆ ಸಾಕು. ಅಷ್ಟು ಚಿಕ್ಕ ಆಸರೆ ಒಂದು ಜೀವದ ಬೆಲೆ ಬಾಳುತ್ತದೆ.

‘ನಮ್ಮ ಹುಡುಗನಿಗೆ ಈಜು ಬರುತ್ತದೆ’ ಎನ್ನುವ ಪೋಷಕರಿದ್ದಾರೆ. ಬಾವಿಯಲ್ಲಿ, ಚಡ್ಡಿಯಲ್ಲಿ, ತಾನೇ ಜಿಗಿದು ಈಜುವುದು ಒಂದು. ಬಟ್ಟೆ ಬೂಟುಗಳ ಸಮೇತ ಅನಿರೀಕ್ಷಿತವಾಗಿ ಬಿದ್ದು, ಹತ್ತಾರು ಮಂದಿ ಗಾಬರಿಯಿಂದ ಒಬ್ಬರನ್ನೊಬ್ಬರು ತಬ್ಬಿಕೊಳ್ಳುವಾಗ ಈಜುವುದು ಇನ್ನೊಂದು. ನಾಗಮಂಗಲದಂತಹ ತಾಲ್ಲೂಕಿನಿಂದ ಬಸ್ಸಿನಲ್ಲಿ ಬರುವ ಅನೇಕ ಮಕ್ಕಳು ಊರಿನ ಕೆರೆಯನ್ನಷ್ಟೇ ಕಂಡವರು. ಅಂಥವರಿಗಂತೂ ಜಾಕೆಟ್ ಇಲ್ಲದೆ ದೋಣಿ ಸಲ್ಲದು.

ಜಾಕೆಟ್ ಅಳತೆಗೆ ಸರಿಯಾಗಿರಬೇಕು. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆಳೆದು ನೋಡಬೇಕು. ಅದು ಗಲ್ಲ, ಕಿವಿಗಳವರೆಗೆ ಏರಿದರೆ ಆ ಜಾಕೆಟ್ ಆ ಮಗುವಿನದಲ್ಲ.

ಕೇಳಲು ಸಂಕೋಚ ಬೇಡ

ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ತಂದೆತಾಯಿಗಳು ಒಂದು ಪ್ರಶ್ನೆ ಕೇಳಬೇಕು: ಕಾರ್ಯಕ್ರಮದಲ್ಲಿ ದೋಣಿ ಇದೆಯೇ, ಇದ್ದರೆ ಎಲ್ಲಿ? ಬೃಂದಾವನದಲ್ಲಿ ಕಟ್ಟೆಯ ಕೆಳಗಿನ ಕೊಳದ ದೋಣಿಗೂ, ಹಿನ್ನೀರಿನ ಯಾವುದೋ ದಡದಲ್ಲಿ ಚೌಕಾಸಿ ಮಾಡಿ ಹತ್ತುವ ಹರಿಗೋಲಿಗೂ ಅಜಗಜಾಂತರ. ಯಂತ್ರಚಾಲಿತ ದೋಣಿಗಳಿಗೆ ತಪಾಸಣೆಯ ಪ್ರಮಾಣಪತ್ರವನ್ನೂ ನೋಂದಣಿಯನ್ನೂ 2021ರ ಒಳನಾಡು ನೌಕೆಗಳ ಕಾಯ್ದೆ ಕಡ್ಡಾಯ ಮಾಡಿದೆ. ಎಷ್ಟು ಮಂದಿಯ ದೋಣಿ ಎಂದು ಕೇಳುವುದು ಅಂಬಿಗನಿಗೆ ಅವಮಾನವಲ್ಲ. ತಿಳಿದ ಅಂಬಿಗ ಅದನ್ನು ತಾನೇ ಹೇಳುತ್ತಾನೆ.

ವಿದ್ಯಾರ್ಥಿಗಳ ಪಾಲಿನದು ಇಷ್ಟೇ. ದೋಣಿಯಲ್ಲಿ ಕುಳಿತೇ ಇರಬೇಕು. ಜಾಕೆಟ್ಟಿನ ಪಟ್ಟಿ ಬಿಚ್ಚಬಾರದು. ಮಗುಚಿದರೆ ದಡ ಹತ್ತಿರವಿದೆಯೆಂದು ಈಜಿ ಹೊರಡದೆ ದೋಣಿಯನ್ನೇ ಹಿಡಿದುಕೊಂಡಿರಬೇಕು; ಮರದ ದೋಣಿ ಸಾಮಾನ್ಯವಾಗಿ ಮಗುಚಿದರೂ ತೇಲುತ್ತದೆ. ಗೆಳೆಯ ಮುಳುಗುತ್ತಿದ್ದರೆ ಹಿಂದೆಯೇ ಧುಮುಕಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ಈ ಜಿಲ್ಲೆಗೆ ಹೊಸದಲ್ಲ. ಕೂಗಿ ಜನರನ್ನು ಕರೆಯಬೇಕು. ಹಗ್ಗ, ಜಲ್ಲೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೊನೆಗೆ ಒಂದು ಸೀರೆಯಾದರೂ ಸರಿ, ದಡದಿಂದಲೇ ಎಸೆಯಬೇಕು.

ನೀರಿಗಿಳಿಯದೆ ಈಜು ಬಾರದು ಎಂಬ ಮಾತಿದೆ. ಕಾವೇರಿಯ ಮಕ್ಕಳನ್ನು ನೀರಿನಿಂದ ದೂರವಿಟ್ಟು ಬೆಳೆಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಹುಟ್ಟಿನ ಸದ್ದು, ತುಂಬಿದ ಹಿನ್ನೀರಿನ ಮೇಲೆ ಸಂಜೆಯ ಬೆಳಕು ಅವರ ಪಾಲಿಗೂ ಸಿಗಬೇಕು. ಅದಕ್ಕೆ ಬೇಕಾದದ್ದು ಒಂದು ಜಾಕೆಟ್, ಲೆಕ್ಕಕ್ಕೆ ಮೀರದಷ್ಟು ಜನ, ಮತ್ತು ಗಾಳಿ ಎದ್ದ ದಿನ ‘ಇವತ್ತು ಬೇಡ’ ಎನ್ನುವ ಒಬ್ಬ ಹಿರಿಯ.