ಬಿದ್ದವನಿಗೆ ಸಿಗುವ ಹತ್ತು ಸೆಕೆಂಡ್

2023ರ ಅಕ್ಟೋಬರ್ 28ರಂದು ರಿಯಾದ್‌ನ ರಿಂಗ್‌ನಲ್ಲಿ, ಮೂರನೇ ರೌಂಡ್‌ನಲ್ಲಿ, ಫ್ರಾನ್ಸಿಸ್ ಎನ್‌ಗನೂ ಎಡಗೈಯಲ್ಲಿ ಒಂದು ಹುಕ್ (ಪಕ್ಕದಿಂದ ಬಳಸಿ ಬರುವ ಗುದ್ದು) ಬೀಸಿದ. ಎದುರಿಗಿದ್ದವನು ಬಾಕ್ಸಿಂಗ್‌ನ ಹೆವಿವೇಟ್ ಚಾಂಪಿಯನ್ ಟೈಸನ್ ಫ್ಯೂರಿ. ಎನ್‌ಗನೂ ಕ್ಯಾಮರೂನ್‌ನ ಮರಳು ಕ್ವಾರಿಗಳಲ್ಲಿ ಕೂಲಿ ಮಾಡಿ ಬೆಳೆದವನು, ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎಯಲ್ಲಿ ಹೆಸರು ಮಾಡಿದವನು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದು ಅವನ ಮೊದಲ ಪಂದ್ಯ. ಫ್ಯೂರಿ ನೆಲಕ್ಕೆ ಬಿದ್ದ. ಎನ್‌ಗನೂ ಹತ್ತು ವರ್ಷ ಕಲಿತ ವಿದ್ಯೆಯ ಪ್ರಕಾರ ಮುಂದಿನ ಕೆಲಸ ಮೈಮೇಲೆ ಬಿದ್ದು ಎರಡು ಗುದ್ದು ಹಾಕುವುದು. ಬಾಕ್ಸಿಂಗ್‌ನಲ್ಲಿ ಹಾಗೆ ಮಾಡುವಂತಿಲ್ಲ. ಅವನು ಮೂಲೆಗೆ ಹೋಗಿ ನಿಲ್ಲಬೇಕಾಯಿತು, ರೆಫರಿ ಎಣಿಸಿದ, ಫ್ಯೂರಿ ಎದ್ದ. ಹತ್ತು ರೌಂಡ್ ಮುಗಿದಾಗ ತೀರ್ಪುಗಾರರು ಒಡೆದ ಮತದಿಂದ ಫ್ಯೂರಿಯನ್ನೇ ಗೆಲ್ಲಿಸಿದರು.

ನಾಲ್ಕು ತಿಂಗಳು ಕಳೆದು, 2024ರ ಮಾರ್ಚ್ 8ರಂದು, ಅದೇ ಊರಿನಲ್ಲಿ ಆಂಟನಿ ಜೋಶುವಾ ಇದೇ ಎನ್‌ಗನೂನನ್ನು ಎರಡು ರೌಂಡ್‌ನೊಳಗೆ ಮೂರು ಸಲ ಕೆಡವಿದ. ಮೊದಲ ಸಲ ಬಿದ್ದಾಗ ಎಣಿಕೆ ಸಿಕ್ಕಿತು, ಎದ್ದ. ಎರಡನೇ ಸಲವೂ ಎದ್ದ. ಮೂರನೇ ಸಲ ಏಳುವ ಪ್ರಶ್ನೆಯೇ ಇರಲಿಲ್ಲ. ಈ ಎರಡು ಪಂದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದೇ ನಿಯಮ ಫ್ಯೂರಿಯನ್ನು ಉಳಿಸಿತು, ಎನ್‌ಗನೂಗೆ ಇನ್ನೆರಡು ಭಾರಿ ಹೊಡೆತಗಳನ್ನು ಕೊಡಿಸಿತು. ಬಾಕ್ಸಿಂಗ್‌ನ ನಾಕೌಟ್ ಮತ್ತು ಎಂಎಂಎಯ ನಾಕೌಟ್ ಯಾಕೆ ಬೇರೆ ಬೇರೆ ಎಂದು ಕೇಳಿದಾಗ ಜನ ಗ್ಲೌಸ್‌ನ ಕಡೆ ಬೆರಳು ತೋರಿಸುತ್ತಾರೆ. ಗ್ಲೌಸ್‌ನ ಪಾತ್ರ ಇದ್ದೇ ಇದೆ. ಆದರೆ ಬಿದ್ದವನಿಗೆ ಏನಾಗುತ್ತದೆ ಎನ್ನುವ ನಿಯಮವೇ ಅದಕ್ಕಿಂತ ದೊಡ್ಡದು ಎಂದು ನಾನು ನಂಬಿದ್ದೇನೆ.

ಮೈಯೊಳಗೆ ನಡೆಯುವುದು ಎರಡರಲ್ಲೂ ಒಂದೇ. ಗದ್ದಕ್ಕೋ ಕಪಾಲಕ್ಕೋ ಪಕ್ಕದಿಂದ ಏಟು ಬಿದ್ದಾಗ ತಲೆ ಕುತ್ತಿಗೆಯ ಮೇಲೆ ಗಕ್ಕನೆ ತಿರುಗುತ್ತದೆ. ಮಿದುಳು ಆ ವೇಗಕ್ಕೆ ತಕ್ಷಣ ಹೊಂದಿಕೊಳ್ಳಲಾರದೆ ಒಳಗೇ ತಿರುಚಿಕೊಳ್ಳುತ್ತದೆ, ಕ್ಷಣಕಾಲ ಅದರ ಕೆಲಸ ಕೆಡುತ್ತದೆ, ಕಾಲು ಕುಸಿಯುತ್ತದೆ. ನೇರವಾಗಿ ಹಣೆಗೆ ಬಿದ್ದ ಗಟ್ಟಿ ಗುದ್ದಿಗಿಂತ, ಕಾಣದೆ ಬಂದು ಗದ್ದದ ತುದಿಯನ್ನು ಸವರಿದ ಹುಕ್ ಹೆಚ್ಚು ಜನರನ್ನು ಮಲಗಿಸುವುದು ಇದರಿಂದಲೇ. ಬರುವುದು ಕಂಡರೆ ಕುತ್ತಿಗೆ ಬಿಗಿಯಾಗುತ್ತದೆ. ಕಾಣದಿದ್ದರೆ ತಲೆಗೆ ಆಸರೆಯೇ ಇಲ್ಲ.

ಹಾಗಾದರೆ ಏಟು ಕಾಣದಂತೆ ಮಾಡುವುದು ಹೇಗೆ? ದಾರಿಗಳು ಕವಲೊಡೆಯುವುದು ಇಲ್ಲಿ. ಬಾಕ್ಸರ್‌ನ ಕೈಯಲ್ಲಿ ಎಂಟು ಅಥವಾ ಹತ್ತು ಔನ್ಸ್‌ನ ಗ್ಲೌಸ್ ಇರುತ್ತದೆ. ಅದು ಹೊಡೆಯುವ ಸಾಧನ ಎಷ್ಟೋ ಗುರಾಣಿಯೂ ಅಷ್ಟೇ. ಎರಡೂ ಕೈ ಕೆನ್ನೆಗೆ ಒತ್ತಿ ಹಿಡಿದರೆ ಮುಖದ ಬಹುಭಾಗ ಮುಚ್ಚಿಹೋಗುತ್ತದೆ. ಆ ಗೋಡೆಯನ್ನು ಕೆಡವಲು ತಾಳ್ಮೆ ಬೇಕು. ಜ್ಯಾಬ್‌ನಿಂದ (ಮುಂದಿರುವ ಕೈಯ ನೇರ ಗುದ್ದು) ದೂರದ ಲೆಕ್ಕ ಹಿಡಿ, ಪಕ್ಕೆಗೆ ಹೊಡೆದು ಮೊಣಕೈ ಕೆಳಗಿಳಿಸು, ಎದುರಾಳಿ ಅದಕ್ಕೆ ಒಗ್ಗಿಕೊಂಡ ಮೇಲೆ ಗುದ್ದಿನ ದಾರಿ ಬದಲಿಸು. ಹನ್ನೆರಡು ರೌಂಡ್ ಎಂದರೆ ಮೂವತ್ತಾರು ನಿಮಿಷ, ಅದಕ್ಕೆ ಸಮಯವೂ ಉಂಟು. 2012ರ ಡಿಸೆಂಬರ್‌ನಲ್ಲಿ ಹುವಾನ್ ಮ್ಯಾನ್ಯುಯೆಲ್ ಮಾರ್ಕೆಸ್, ಆರನೇ ರೌಂಡ್‌ನ ಕೊನೆಯ ಕ್ಷಣದಲ್ಲಿ, ಮುನ್ನುಗ್ಗಿದ ಮ್ಯಾನಿ ಪ್ಯಾಕಿಯಾವ್‌ನ ಮುಖಕ್ಕೆ ಇಟ್ಟ ಬಲಗೈ ಗುದ್ದು ಆ ಸಂಜೆಯಷ್ಟೇ ಹುಟ್ಟಿದ್ದಲ್ಲ. ಅದು ಅವರಿಬ್ಬರ ನಾಲ್ಕನೇ ಪಂದ್ಯ. ಎದುರಾಳಿಯ ಹೆಜ್ಜೆಯನ್ನು ಅಷ್ಟು ವರ್ಷ ಓದಿದ ಕೈ ಅದು.

ಎಂಎಂಎಯಲ್ಲಿ ಗ್ಲೌಸ್ ಸಾಮಾನ್ಯವಾಗಿ ನಾಲ್ಕು ಔನ್ಸ್, ಬೆರಳುಗಳು ಹೊರಗೆ. ಅದನ್ನು ಕೆನ್ನೆಗೆ ಒತ್ತಿ ಕೂತರೆ ಎದುರಾಳಿಯ ಮುಷ್ಟಿ ಸಂದಿಯಲ್ಲೇ ನುಗ್ಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಭಯದ ಹಂಚಿಕೆ. ಬಾಕ್ಸರ್ ಎದುರಾಳಿಯ ಎರಡು ಮುಷ್ಟಿಗಳ ಮೇಲೆ ಕಣ್ಣಿಡಬೇಕು. ಎಂಎಂಎ ಪಟು ಮುಷ್ಟಿ, ಮೊಣಕೈ, ಮೊಣಕಾಲು, ಕಣಕಾಲು, ಮೇಲಾಗಿ ಸೊಂಟಕ್ಕೆ ಕೈಹಾಕಿ ಕೆಡವುವ ಕುಸ್ತಿ ಪಟ್ಟು, ಇವಿಷ್ಟರ ಮೇಲೂ ಒಟ್ಟಿಗೆ ಕಣ್ಣಿಡಬೇಕು. ಕಾಲಿಗೆ ಕೈ ಹಾಕುತ್ತಾನೆಂದು ಕೈ ಇಳಿಸಿದ ಗಳಿಗೆಯಲ್ಲೇ ಮೇಲಿನಿಂದ ಗುದ್ದು ಬಂದಿರುತ್ತದೆ. 2022ರ ಆಗಸ್ಟ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಲಿಯೊನ್ ಎಡ್ವರ್ಡ್ಸ್ ಸೋಲಿನ ಅಂಚಿನಲ್ಲಿದ್ದ. ಐದನೇ ರೌಂಡ್‌ನಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ. ಕೈಯಿಂದ ಹೊಡೆಯುವಂತೆ ತೋರಿಸಿದ. ಕಮಾರು ಉಸ್ಮಾನ್ ಅದನ್ನು ತಪ್ಪಿಸಲು ತಲೆ ವಾಲಿಸಿದ, ವಾಲಿಸಿದ ಕಡೆಗೇ ಎಡಗಾಲು ಬಂದು ಬಡಿಯಿತು. ಬಾಕ್ಸಿಂಗ್‌ನಲ್ಲಿ ಜಾಣತನವಾಗುತ್ತಿದ್ದ ಅದೇ ಚಲನೆ ಅಲ್ಲಿ ಅವನನ್ನು ಮಲಗಿಸಿತು. ಹೀಗಾಗಿ ಎಂಎಂಎ ಬರೀ ಒರಟು ಹೊಡೆದಾಟ, ಅಲ್ಲಿ ಕಲೆಯಿಲ್ಲ ಎನ್ನುವ ಹಳೆಯ ಬಾಕ್ಸಿಂಗ್ ಪ್ರೇಮಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಒಂದೇ ಆಯುಧದಿಂದ ಅಷ್ಟು ಹೊತ್ತು ಕಟ್ಟಿ ಕಟ್ಟಿ ಕೆಡವುವ ಬಾಕ್ಸಿಂಗ್ ನಾಕೌಟ್‌ನ ಸೊಗಸು ನನಗೆ ಒಂದು ತೂಕ ಹೆಚ್ಚೇ.

ಈಗ ಬಿದ್ದ ನಂತರದ ಮಾತು. ಬಾಕ್ಸಿಂಗ್ ಕೂಡ ಹುಟ್ಟುವಾಗಲೇ ಸಭ್ಯವಾಗಿರಲಿಲ್ಲ. ಕ್ವೀನ್ಸ್‌ಬರಿ ನಿಯಮಗಳು ಗ್ಲೌಸ್ ಮತ್ತು ಹತ್ತು ಸೆಕೆಂಡ್‌ನ ಎಣಿಕೆಯನ್ನು ತಂದದ್ದು 1867ರಲ್ಲಿ. ಆಮೇಲೂ, 1923ರಲ್ಲಿ, ಜ್ಯಾಕ್ ಡೆಂಪ್ಸಿ ಬಿದ್ದ ಲೂಯಿಸ್ ಫಿರ್ಪೊನ ಪಕ್ಕದಲ್ಲೇ ನಿಂತು, ಅವನು ಏಳುತ್ತಿದ್ದಂತೆ ಮತ್ತೆ ಹೊಡೆದು ಕೆಡವುತ್ತಿದ್ದ. ಕೆಡವಿದವನು ದೂರದ ಮೂಲೆಗೆ ಹೋಗಲೇಬೇಕು ಎನ್ನುವ ನಿಯಮ ಬಿಗಿಯಾದ ಮೇಲೆ ಅದೇ ಡೆಂಪ್ಸಿ 1927ರಲ್ಲಿ ಷಿಕಾಗೊದಲ್ಲಿ ಮೂಲೆಗೆ ಹೋಗಲು ತಡಮಾಡಿದ, ರೆಫರಿ ಎಣಿಕೆ ತಡವಾಗಿ ಶುರುಮಾಡಿದ, ಜೀನ್ ಟನಿ ಎದ್ದು ಪಂದ್ಯ ಗೆದ್ದ. ನಮ್ಮ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನೂ ಇದರ ಜೊತೆಗಿಟ್ಟು ನೋಡಬಹುದು: ಜೆಟ್ಟಿಗಳ ಬೆರಳಿಗೆ ಮೊನೆಯುಳ್ಳ ಆಯುಧವಿದ್ದರೂ, ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುವುದರಿಂದ ಯಾರೂ ಪ್ರಜ್ಞೆ ತಪ್ಪುವವರೆಗೆ ಅದು ಹೋಗಬೇಕಿಲ್ಲ.

ಎಣಿಕೆಯ ಪರವಾಗಿ ಹೇಳಬೇಕಾದ್ದು ಬಹಳ ಇದೆ. 2018ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಡಿಯೊಂಟೆ ವೈಲ್ಡರ್ ಹನ್ನೆರಡನೇ ರೌಂಡ್‌ನಲ್ಲಿ ಫ್ಯೂರಿಯನ್ನು ಅಂಗಾತ ಮಲಗಿಸಿದ. ರೆಫರಿ ಜ್ಯಾಕ್ ರೀಸ್ ಕೈಬೀಸಿ ಪಂದ್ಯ ನಿಲ್ಲಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬಗ್ಗಿ ಎಣಿಸಿದರು. ಫ್ಯೂರಿ ಎದ್ದ ಮೇಲೆ ಸರಿಯಿದ್ದೀಯಾ ಎಂದು ಕೇಳಿ, ಕಾಲು ನೆಟ್ಟಗಿದೆಯೇ ಎಂದು ನೋಡಲು ನಡೆಸಿ, ಆಮೇಲೆ ಆಡಲು ಬಿಟ್ಟರು. ಪಂದ್ಯ ಸಮವಾಯಿತು. ಒಬ್ಬ ಮನುಷ್ಯನ ಕಣ್ಣನ್ನು ಹತ್ತಿರದಿಂದ ನೋಡಲು ರೆಫರಿಗೆ ಅಷ್ಟು ಸಮಯ ಸಿಗುವುದು ಈ ಎರಡರಲ್ಲಿ ಬಾಕ್ಸಿಂಗ್‌ನಲ್ಲಿ ಮಾತ್ರ.

ಎಂಎಂಎಯಲ್ಲಿ ಆ ಸಮಯವಿಲ್ಲ. 2015ರಲ್ಲಿ ಕಾನರ್ ಮೆಕ್‌ಗ್ರೆಗರ್ ಹದಿಮೂರೇ ಸೆಕೆಂಡ್‌ನಲ್ಲಿ ಜೋಸೆ ಆಲ್ಡೊನನ್ನು ಎಡಗೈಯಿಂದ ಕೆಡವಿದ. ರೆಫರಿ ಬಂದು ತಡೆಯುವಷ್ಟರಲ್ಲಿ ನೆಲದಲ್ಲಿದ್ದವನ ಮುಖಕ್ಕೆ ಮುಷ್ಟಿ ಮತ್ತೆ ಬಿದ್ದಿತ್ತು. ಇದು ಅಪವಾದವಲ್ಲ. ಎಂಎಂಎ ಸಂಸ್ಥೆ ಯುಎಫ್‌ಸಿಯ 2006ರಿಂದ 2012ರವರೆಗಿನ ಪಂದ್ಯಗಳ ವಿಡಿಯೊ ನೋಡಿ ಟೊರಾಂಟೊದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಕೌಟ್ ಆದವನ ತಲೆಗೆ ಪಂದ್ಯ ನಿಲ್ಲುವ ಮೊದಲು ಸರಾಸರಿ 2.6 ಏಟುಗಳು ಇನ್ನೂ ಬೀಳುತ್ತಿದ್ದವು. ಪ್ರಜ್ಞೆಯಿಲ್ಲದವನ ತಲೆಗೆ ಹೊಡೆಯುವುದನ್ನು ಆಟದ ಭಾಗವೆಂದು ನೋಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೂ ಎಂಎಂಎ ಪರವಾದ ವಾದ ಗಟ್ಟಿಯಾಗಿದೆ. ಅಲ್ಲಿ ತತ್ತರಿಸಿದವನನ್ನು ಎಬ್ಬಿಸಿ ಮತ್ತೆ ಹೊಡೆಸಿಕೊಳ್ಳಲು ಕಳಿಸುವ ಏರ್ಪಾಡಿಲ್ಲ. ಸೋಲಲು ಬೇರೆ ದಾರಿಗಳೂ ಇವೆ: ಕತ್ತು ಬಿಗಿದಾಗ, ತೋಳು ತಿರುಚಿದಾಗ ಕೈತಟ್ಟಿ ಸೋಲೊಪ್ಪಿದರೆ ತಲೆಗೆ ಏನೂ ಆಗದೆ ಮನೆಗೆ ಹೋಗಬಹುದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವೈದ್ಯರು ಪಂದ್ಯದ ನಂತರದ ತಪಾಸಣೆಯ ದಾಖಲೆಗಳನ್ನು ಹೋಲಿಸಿದಾಗ, ಗಾಯಗೊಂಡವರ ಪ್ರಮಾಣ ಎಂಎಂಎಯಲ್ಲಿ ಹೆಚ್ಚಿತ್ತು, ಶೇಕಡಾ 59.4, ಬಾಕ್ಸಿಂಗ್‌ನಲ್ಲಿ ಶೇಕಡಾ 49.8. ಪ್ರಜ್ಞೆ ತಪ್ಪಿದವರ ಲೆಕ್ಕ ಮಾತ್ರ ತಿರುಗುಮುರುಗು: ಬಾಕ್ಸಿಂಗ್‌ನಲ್ಲಿ ಶೇಕಡಾ 7.1, ಎಂಎಂಎಯಲ್ಲಿ ಶೇಕಡಾ 4.2. ರಕ್ತ ಕಣ್ಣಿಗೆ ಹೊಡೆಯುತ್ತದೆ, ಮಿದುಳಿನ ಪೆಟ್ಟು ಹೊರಗೆ ಕಾಣುವುದಿಲ್ಲ. ದಪ್ಪ ಗ್ಲೌಸ್ ಮುಷ್ಟಿಯ ಮೂಳೆಯನ್ನು ಕಾಯುವುದರಿಂದ ಬಾಕ್ಸರ್ ನೂರಾರು ಸಲ ತಲೆಗೇ ಹೊಡೆಯಬಲ್ಲ. ಬರಿಗೈಯಾಗಿದ್ದರೆ ಅಷ್ಟು ಹೊತ್ತಿಗೆ ಅವನ ಕೈಯೇ ಮುರಿದಿರುತ್ತಿತ್ತು. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಹದಿನಾಲ್ಕನೇ ರೌಂಡ್‌ನಲ್ಲಿ ರೇ ಮ್ಯಾನ್ಸಿನಿಯ ಏಟಿಗೆ ಬಿದ್ದು ಕೆಲವು ದಿನಗಳಲ್ಲಿ ತೀರಿಕೊಂಡ. ಅಷ್ಟು ರೌಂಡ್‌ಗಳ ಹೊಡೆತ ಅದಾಗಲೇ ಅವನ ತಲೆಯಲ್ಲಿತ್ತು. ಅದಾದ ಮೇಲೆಯೇ ಚಾಂಪಿಯನ್‌ಷಿಪ್ ಪಂದ್ಯಗಳು ಹದಿನೈದರಿಂದ ಹನ್ನೆರಡು ರೌಂಡ್‌ಗೆ ಇಳಿದವು.

ಒಂದು ರಾತ್ರಿಯ ಮಟ್ಟಿಗೆ ಕೇಳಿದರೆ, ಎಂಎಂಎಯ ಆ ಕೊನೆಯ ಎರಡು ಗುದ್ದು ನನಗೆ ಅಸಹ್ಯ. ಇಡೀ ವೃತ್ತಿಯ ಲೆಕ್ಕ ತೆಗೆದರೆ ಬಾಕ್ಸಿಂಗ್‌ನ ಎಣಿಕೆ ಹೆಚ್ಚು ಅಪಾಯಕಾರಿ ಎನ್ನಬೇಕಾಗುತ್ತದೆ, ಅದರ ಸೊಗಸಿಗೆ ಮನಸೋತ ನಾನೂ ಹಾಗೇ ಎನ್ನುತ್ತೇನೆ. ಇದಕ್ಕೆ ಎರಡೂ ಕಡೆ ಮಾಡಬಹುದಾದದ್ದಿದೆ. ಎಂಎಂಎ ರೆಫರಿಗಳು ಮೊದಲ ಏಟಿಗೇ ಮೈ ಸಡಿಲಾದವನ ಮೇಲೆ ತಾವೇ ಅಡ್ಡ ಬೀಳಲಿ, ಬೇಗ ನಿಲ್ಲಿಸಿದರೆಂದು ಪ್ರೇಕ್ಷಕರು ಕೂಗಿದರೂ ಸರಿಯೇ. ಬಾಕ್ಸಿಂಗ್‌ನಲ್ಲಿ ಶಿಷ್ಯ ಎದ್ದು ನಿಂತಿದ್ದಾನೆ ಎನ್ನುವುದೊಂದೇ ಸಾಕೆಂದುಕೊಳ್ಳದೆ ಮೂಲೆಯಲ್ಲಿ ನಿಂತ ಕೋಚ್ ಟವೆಲ್ ಎಸೆದು ಪಂದ್ಯ ನಿಲ್ಲಿಸಲಿ. ಜೋಶುವಾ ಎದುರು ಎನ್‌ಗನೂ ಎರಡನೇ ಸಲ ಎದ್ದಾಗಲೇ ಯಾರಾದರೂ ಅದನ್ನು ಎಸೆಯಬಹುದಿತ್ತು.