ಭರಣಿಗೆ ಬೇಕಾದ ಉಪ್ಪು, ದೇಹಕ್ಕೆ ಬೇಕಾದ ಉಪ್ಪು

ಶ್ರೀನಿವಾಸಪುರದ ಮಾವು ಬಂಗಾರಪೇಟೆಗೆ ಬಂದಿತೆಂದರೆ ಮನೆಮನೆಯ ಭರಣಿಗಳು ಬಿಸಿಲು ಕಾಣುತ್ತವೆ. ಆ ದಿನಗಳಲ್ಲಿ ರಕ್ತದೊತ್ತಡವುಳ್ಳವರು ನಮ್ಮನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಉಪ್ಪಿನಕಾಯಿಗೆ ಉಪ್ಪನ್ನು ಕಡಿಮೆ ಹಾಕಬಹುದೇ? ಕೂಡದು ಎಂಬುದೇ ನಮ್ಮ ಉತ್ತರ.

4 ಪಾಲು ಕಾಯಿಗೆ 1 ಪಾಲು ಉಪ್ಪು ಎಂಬ ಹಿರಿಯರ ಅಳತೆಗೆ ಕಾರಣವಿದೆ. ಉಪ್ಪು ಹೋಳುಗಳ ನೀರನ್ನು ಹೊರಸೆಳೆದು, ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಆ ನೀರು ದಕ್ಕದಂತೆ ಮಾಡುತ್ತದೆ. ಉಪ್ಪು ತಗ್ಗಿದರೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಮಿತಿ ಬೇಕಾದುದು ಭರಣಿಯಲ್ಲಲ್ಲ, ಊಟದ ಎಲೆಯಲ್ಲಿ.

ಕೋಲಾರ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚಿನ ಆಳದ ಬೇಗೆಯಲ್ಲಿ ದುಡಿದವರು ಬೆವರಿನೊಡನೆ ಉಪ್ಪನ್ನೂ ಕಳೆದುಕೊಳ್ಳುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳಲ್ಲಿ ಅನೇಕರು ಇಂದು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಕುಳಿತು ದುಡಿಯುತ್ತಾರೆ. ದುಡಿಮೆ ಬದಲಾಯಿತು, ಬುತ್ತಿಯ ಉಪ್ಪು ಮಾತ್ರ ಹಾಗೆಯೇ ಉಳಿಯಿತು.

ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಸೇವಿಸಬಾರದೆಂದು ಚರಕಸಂಹಿತೆಯ ವಿಮಾನಸ್ಥಾನ ಎಚ್ಚರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಮೇಲಿನ ಅಳತೆಯ 20 ಗ್ರಾಂ ಉಪ್ಪಿನಕಾಯಿಯಲ್ಲೇ ಸುಮಾರು 3 ಗ್ರಾಂ ಉಪ್ಪಿರುತ್ತದೆ. ಇನ್ನು ಸಾರು, ಪಲ್ಯ, ಹಪ್ಪಳಗಳ ಲೆಕ್ಕ ಬೇರೆ. ನಮ್ಮೂರ ಪಾನಿಪುರಿಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿಯೂ ಉಪ್ಪಿದೆ.

ಸೇಬಿನ ಮಾತೇ ಬೇರೆ. ಹೆಚ್ಚಿದ ಸೇಬು ಕಂದುವುದೆಂದು ಅನೇಕರು ಅದನ್ನು ಬುತ್ತಿಗೆ ಕಟ್ಟುವುದಿಲ್ಲ. 1 ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಹೋಳುಗಳನ್ನು 5 ನಿಮಿಷ ಮುಳುಗಿಸಿ, ಬಳಿಕ ಶುದ್ಧ ನೀರಿನಲ್ಲಿ ತೊಳೆದರೆ ಕೆಲವು ಗಂಟೆಗಳ ಕಾಲ ಬಣ್ಣ ಕೆಡದು. ವರ್ಷಕಾಲ ಕಾಯುವುದಕ್ಕೆ ಸೇರು ಉಪ್ಪು ಬೇಕು. ಮಧ್ಯಾಹ್ನದವರೆಗೆ ಕಾಯುವುದಕ್ಕೆ ಚಿಟಿಕೆ ಸಾಕು. ಹಾಗೆ ಉಳಿಸಿದ ಹಣ್ಣಿನ ಮೇಲೆ ಮತ್ತೆ ಉಪ್ಪು, ಖಾರ ಉದುರಿಸದಿರುವುದು ಲೇಸು.

ಸೈಂಧವ ಲವಣ ಎಷ್ಟು ತಿಂದರೂ ಬಾಧೆಯಿಲ್ಲವೆಂಬ ನಂಬಿಕೆಯೂ ಸಲ್ಲದು. ಅದರಲ್ಲಿಯೂ ಸೋಡಿಯಂ ಇದೆ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಬಳಸಲೇಬಾರದು. ಉಪ್ಪು ಬಿಟ್ಟೆವೆಂದು ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯಕರ.

ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಬಡಿಸುವ ಪದ್ಧತಿ ನಮ್ಮದು. ಅದು ತುದಿಯಲ್ಲಿಯೇ ಇರಲಿ, ನಾಲಿಗೆಗೆ ತಾಗುವಷ್ಟೇ ಇರಲಿ ಎಂಬುದು ಭಕ್ತಬಾಂಧವರಲ್ಲಿ ನಮ್ಮ ವಿನಂತಿ.